ಕೌದಿ ಕಲಿಯೋಣ, ಭಾಗ 3: ಅಂಚಿನಿಂದ ನಡುವಿಗೆ

ಸೂಜಿ, ದಾರ, ಬಟ್ಟೆ ಎಲ್ಲ ರೆಡಿ ಇದ್ಯಲ್ವಾ? ಇವತ್ತು ಹೊಲಿಗೆ ಶುರು. ಅದಕ್ಕೂ ಮುಂಚೆ ಒಂದು ಪ್ರಶ್ನೆ: ನಿಮ್ಮನೇಲಿರೋ ಅತಿ ಹಳೇ ಕೌದಿಗೆ ಎಷ್ಟು ವರ್ಷ?

ತುಂಬಾ ಏನಿರಲ್ಲ. ಕೌದಿ ಹುಟ್ಟೋದೇ ಸವೆದ ಸೀರೆ, ಪಂಚೆ, ಅಂಗಿಗಳಿಂದ. ಹಾಸಿ, ಹೊದ್ದು, ಒಗೆದು ಕೊನೆಗೆ ಅದೂ ಸವೆಯುತ್ತೆ. ಹಾಗಾದ್ರೆ ಅದರ ಇತಿಹಾಸ ಉಳಿಯೋದು ಎಲ್ಲಿ?

ಉತ್ತರಕ್ಕೆ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಬನ್ನಿ. ಇಲ್ಲಿನ ಸಿದ್ದಿಗಳ ಪೂರ್ವಜರು ಆಫ್ರಿಕಾದವರು. 1510ರಲ್ಲಿ ಗೋವಾ ಪೋರ್ಚುಗೀಸರ ವಶವಾಯ್ತು. ಅವರು ಗುಲಾಮರನ್ನಾಗಿ ತಂದ ಆಫ್ರಿಕನ್ನರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದ್ರು. ಮನುಷ್ಯರನ್ನ ಕೊಂಡವರು ಲೆಕ್ಕ ಬರೆದಿಡ್ತಾರೆ. ತಪ್ಪಿಸಿಕೊಂಡು ಓಡಿದವರು ವಿಳಾಸ ಬರೆದಿಟ್ಟು ಹೋಗ್ತಾರಾ? ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದೇ 2003ರಲ್ಲಿ.

ಹಾಗಂತ "ಕೌದಿ ಆಫ್ರಿಕಾದಿಂದ ಬಂತು" ಅಂತ ಹೇಳಿಬಿಡೋದು ಬೇಡ. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಕೌದಿ ಹೊಲೀತಾರೆ, ಮಹಾರಾಷ್ಟ್ರದಲ್ಲಿ ಗೋಧಡಿ ಇದೆ. ಸಿದ್ದಿ ಹೆಂಗಸರ ಗುರುತು ಇರೋದು ಅವರು ಹೊಲಿಯೋ ರೀತಿಯಲ್ಲಿ. ಈಗ ಅದನ್ನೇ ಮಾಡೋಣ.

1. ಹಳೇ ಕಾಟನ್ ಸೀರೆಯನ್ನ ಬೇಕಾದ ಅಳತೆಗೆ ಹಾಸಿ. ಇದೇ ತಳ. ಮೊದಲ ಸಲ ಅಲ್ವಾ, ಮಗು ಮಲಗುವಷ್ಟು ಸಾಕು.

2. ಒಂದು ಮೂಲೆಯಿಂದ ಶುರು ಮಾಡಿ. ಬಟ್ಟೆ ತುಂಡಿನ ಅಂಚನ್ನ ಒಳಕ್ಕೆ ಮಡಚಿಟ್ಟು, ಎಲ್ಲ ಪದರಕ್ಕೂ ಸೂಜಿ ದಾಟೋ ಹಾಗೆ ನೇರ ಹೊಲಿಗೆ ಹಾಕಿ. ಅದರ ಪಕ್ಕ ಇನ್ನೊಂದು ತುಂಡು.

3. ನಾಲ್ಕೂ ಅಂಚು ಸುತ್ತಿ, ಸುತ್ತು ಸುತ್ತಾಗಿ ನಡುವಿಗೆ ಬನ್ನಿ. ಹೊಲಿಗೆ ಸಾಲುಗಳು ಒತ್ತೊತ್ತಾಗಿರಲಿ, ಕೌದಿಗೆ ಗಟ್ಟಿತನ ಬರೋದೇ ಅದರಿಂದ. ಸಾಲು ಸೊಟ್ಟ ಆದ್ರೆ ಬಿಚ್ಚೋಕೆ ಹೋಗ್ಬೇಡಿ.

4. ಮೊದಲೇ ನಕ್ಷೆ ಬೇಡ. ಮುಂದಿನ ತುಂಡು ಯಾವ ಬಣ್ಣದ್ದು ಅನ್ನೋದನ್ನ ಪಕ್ಕದ ತುಂಡು ನೋಡಿ ತೀರ್ಮಾನಿಸಿ. ಕ್ರೈಸ್ತ ಸಿದ್ದಿಗಳ ಕೆಲವು ಕೌದಿಗಳಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಗಳ ಕೆಲವದರಲ್ಲಿ ಅರ್ಧಚಂದ್ರ ಸಿಗುತ್ತೆ.

5. ಕೊನೆಗೆ ನಾಲ್ಕು ಮೂಲೆಗೂ ಪದರ ಪದರವಾಗಿ ಮಡಚಿದ ತ್ರಿಕೋನ ಹೊಲಿಯಿರಿ. ಅದಕ್ಕೆ 'ಫುಲ' ಅಂತಾರೆ, ಅಂದ್ರೆ ಹೂವು. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬರಿಮೈ ಇದ್ದ ಹಾಗೆ!

ಈಗ ಮೊದಲಿನ ಪ್ರಶ್ನೆಗೆ ಬರೋಣ. ಬಟ್ಟೆ ಸವೆದು ಹೋಗುತ್ತೆ, ಹೊಲಿದವರ ಹೆಸರು ಎಲ್ಲೂ ಬರೆದಿರಲ್ಲ. ಉಳಿಯೋದು ಮೂಲೆಯಿಂದ ಶುರು ಮಾಡ್ಬೇಕು, ಹೂವಿಟ್ಟು ಮುಗಿಸ್ಬೇಕು ಅನ್ನೋ ಕೈಯ ನೆನಪು ಮಾತ್ರ. ಅದನ್ನ ಅಜ್ಜಿಯಿಂದ ಮೊಮ್ಮಗಳು ಕಲಿಯದೇ ಹೋದ್ರೆ, ಮ್ಯೂಸಿಯಂನಲ್ಲಿ ಹುಡುಕಿದ್ರೂ ಸಿಗಲ್ಲ. ನಿಮ್ಮ ಸೊಟ್ಟ ಹೊಲಿಗೆಗೂ ಅಷ್ಟು ಬೆಲೆ ಇದೆ.

ಇವತ್ತು ಮನೇಲಿ ಕೇಳಿ: ನಮ್ಮ ಕೌದಿ ಹೊಲಿದಿದ್ದು ಯಾರು? ಅದರಲ್ಲಿರೋ ಸೀರೆ ಯಾರದ್ದು? ಉತ್ತರ ಕಾಮೆಂಟಲ್ಲಿ ಬರೀರಿ. ಮುಂದಿನ ಭಾಗದಲ್ಲಿ ಫುಲ ಮಡಚೋದನ್ನ ನಿಧಾನಕ್ಕೆ ನೋಡೋಣ.

#ಕೌದಿ #ಸಿದ್ದಿ #ಉತ್ತರಕನ್ನಡ #ಕೈಹೊಲಿಗೆ