ನೆರಿಗೆಯಿಂದ ಹೊಲಿಗೆಗೆ: ಡೆನಿಮ್ ಜಾಕೆಟ್ಟಿನ ಕಟಿಂಗ್ ಚರಿತ್ರೆ

ಡೆನಿಮ್ ಜಾಕೆಟ್ಟಿನ ಚರಿತ್ರೆಯನ್ನು ಅದರ ಗುಂಡಿ, ಜೇಬು ಮತ್ತು ಅದನ್ನು ತೊಟ್ಟ ಸಿನಿಮಾ ನಟರ ಮೂಲಕ ಹೇಳುವ ರೂಢಿಯಿದ್ದರೂ, ಅದರ ಮುಖ್ಯ ಬದಲಾವಣೆ ನಡೆದದ್ದು ಬಟ್ಟೆಗೆ ಕತ್ತರಿ ಹಾಕುವ ಮೊದಲು ಅಳತೆಗಳನ್ನು ಕಾಗದದ ಮೇಲೆ ಇಳಿಸುವ ನಕ್ಷೆಯಲ್ಲಿ, ಅಂದರೆ ಪ್ಯಾಟರ್ನಿನಲ್ಲಿ.

ದರ್ಜಿ ಜೇಕಬ್ ಡೇವಿಸ್ ಜೊತೆಗೂಡಿ 1873ರಲ್ಲಿ ರಿವೆಟ್ ಹಾಕಿದ ಪ್ಯಾಂಟಿಗೆ ಪೇಟೆಂಟ್ ಪಡೆದ ಸ್ಯಾನ್ ಫ್ರಾನ್ಸಿಸ್ಕೋದ ಲೀವೈ ಸ್ಟ್ರಾಸ್ ಕಂಪನಿಯು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಾರುತ್ತಿದ್ದ 506 ಸಂಖ್ಯೆಯ ಜಾಕೆಟ್ಟಿನ ಭಾಗಗಳು ಹೆಚ್ಚುಕಡಿಮೆ ಚೌಕಾಕಾರದವು. ಮೈಗೆ ಹೊಂದಿಸುವ ಕೆಲಸವನ್ನು ಬೆನ್ನಿನ ಕೆಳಗಿನ ಬಕಲ್ ಪಟ್ಟಿ ಮಾಡುತ್ತಿತ್ತು. ಗುಂಡಿಪಟ್ಟಿಯ ಇಕ್ಕೆಲಗಳ ನೆರಿಗೆಗಳನ್ನು ಸಣ್ಣ ಚೌಕದ ಹೊಲಿಗೆಗಳಿಂದ ಬಂಧಿಸಿದ್ದರಿಂದ, ಸಡಿಲ ಬೇಕಾದವರು ಅವನ್ನು ಬಿಚ್ಚಿಕೊಳ್ಳಬಹುದಿತ್ತು. 1953ರ 507ರಲ್ಲಿ ಬಕಲ್ ಹೋಗಿ ಸೊಂಟದ ಪಕ್ಕದಲ್ಲಿ ಗುಂಡಿಯ ಪಟ್ಟಿಗಳು ಬಂದವು, ಎರಡನೆಯ ಜೇಬೂ ಸೇರಿತು, ನೆರಿಗೆ ಮಾತ್ರ ಉಳಿಯಿತು.

1960ರ ದಶಕದ ಆರಂಭದಲ್ಲಿ ಬಂದ 557ರಲ್ಲಿ ಈ ನೆರಿಗೆಗಳೇ ಮಾಯವಾದವು. ಎದೆಗೂ ಸೊಂಟಕ್ಕೂ ಇರುವ ಅಳತೆಯ ವ್ಯತ್ಯಾಸವನ್ನು ತೆಗೆಯಲು ಬಟ್ಟೆಯನ್ನು ಮೊನಚಾಗಿ ಮಡಚಿ ಹೊಲಿಯುವುದಕ್ಕೆ ಡಾರ್ಟ್ ಎನ್ನುತ್ತಾರೆ. 557ರ ನಕ್ಷೆಯಲ್ಲಿ ಈ ಕೆಲಸವನ್ನು ಎದೆಯ ಅಡ್ಡಹೊಲಿಗೆಯಿಂದ ಸೊಂಟಪಟ್ಟಿಗೆ ಹತ್ತಿರವಾಗುತ್ತ ಇಳಿಯುವ ಜೋಡಿ ಹೊಲಿಗೆಗಳಿಗೆ ವಹಿಸಲಾಯಿತು. ಉದಾಹರಣೆಗೆ, ಸಿದ್ಧ ಜಾಕೆಟ್ಟಿನ ಎದೆ 44 ಅಂಗುಲ, ಕೆಳಗಿನ ಸುತ್ತಳತೆ 40 ಅಂಗುಲ ಎಂದುಕೊಂಡರೆ, ಮುಂಭಾಗದ ನಾಲ್ಕು, ಬೆನ್ನಿನ ಎರಡು ಹಾಗೂ ಪಕ್ಕದ ಎರಡು ಹೊಲಿಗೆಗಳು ತಲಾ ಅರ್ಧ ಅಂಗುಲ ಕಳೆದಾಗ ನಾಲ್ಕು ಅಂಗುಲ ಸರಿಹೋಗುತ್ತದೆ, ಅಂದರೆ ಪ್ರತಿ ಅಂಚಿನಿಂದ ಕೇವಲ ಕಾಲು ಅಂಗುಲ. ದಪ್ಪ ಡೆನಿಮ್ ಹೊಲಿಗೆಯಲ್ಲಿ ಎಳೆದಂತೆ ಬಗ್ಗುವುದಿಲ್ಲ. ಒಂದರ ಅಂಚು ಇನ್ನೊಂದರೊಳಗೆ ಮಡಚಿ ಎರಡು ಸಾಲು ಹೊಡೆಯುವ ಮಡಿಕೆ ಹೊಲಿಗೆಯಂತೂ ತೀವ್ರ ತಿರುವನ್ನು ಸಹಿಸದು. ಆದ್ದರಿಂದ ಇಷ್ಟು ಅಲ್ಪ ಪ್ರಮಾಣವನ್ನು ಹಲವೆಡೆ ಹಂಚಿ, ಗೆರೆಗಳನ್ನು ಬಹುತೇಕ ನೇರವಾಗಿಯೇ ಇಟ್ಟದ್ದು ಆ ನಕ್ಷೆಯ ಜಾಣತನ.

ಇದಕ್ಕೆ ಬಟ್ಟೆಯೂ ಒತ್ತಾಸೆಯಾಯಿತು. ಒಗೆದಾಗ ಗಣನೀಯವಾಗಿ ಕುಗ್ಗುವ ಹಳೆಯ ಡೆನಿಮ್ಮಿನಲ್ಲಿ ಕಾಲು ಅಂಗುಲದ ಲೆಕ್ಕ ನಿಲ್ಲುತ್ತಿರಲಿಲ್ಲ, ಆದರೆ 557ಕ್ಕೆ ಮೊದಲೇ ಕುಗ್ಗಿಸಿದ ಬಟ್ಟೆಯನ್ನು ಬಳಸಲಾಯಿತು. ಇಂದು ಅಂಗಡಿಗಳಲ್ಲಿ ತೂಗುವ ಡೆನಿಮ್ ಜಾಕೆಟ್ಟುಗಳಲ್ಲಿ ಹೆಚ್ಚಿನವು, ಯಾವ ಕಂಪನಿಯ ಹೆಸರಿನಲ್ಲಿ ಬಂದರೂ, ಈ ಇಳಿಜಾರು ಹೊಲಿಗೆಗಳ ನಕ್ಷೆಯನ್ನೇ ಅನುಸರಿಸುತ್ತಿವೆ.