ಮತ್ತೆ ಬಾಡಿಗೆಗೆ ಬಂದ ಗಣಕಯಂತ್ರ

ಎಪ್ಪತ್ತರ ದಶಕದ ಭಾರತದಲ್ಲಿ ಗಣಕಯಂತ್ರವೆಂದರೆ ಬಹುಮಟ್ಟಿಗೆ ಐಬಿಎಂ. ದೊಡ್ಡ ಕಾರ್ಖಾನೆಗಳ, ಸರ್ಕಾರಿ ಇಲಾಖೆಗಳ ಹವಾನಿಯಂತ್ರಿತ ಕೋಣೆಗಳಲ್ಲಿ ಐಬಿಎಂ 1401 ಎಂಬ ಬೀರುವಿನಂಥ ಯಂತ್ರ ಕೂತಿರುತ್ತಿತ್ತು. ಆದರೆ ಆ ಯಂತ್ರ ಕಾರ್ಖಾನೆಯದೂ ಆಗಿರಲಿಲ್ಲ, ಇಲಾಖೆಯದೂ ಆಗಿರಲಿಲ್ಲ. ಐಬಿಎಂ ಅದನ್ನು ತಿಂಗಳ ಬಾಡಿಗೆಗೆ ಕೊಡುತ್ತಿತ್ತು. ಅಮೆರಿಕದಲ್ಲಿ ದುಡಿದು ಹಳತಾದ ಯಂತ್ರಗಳನ್ನು ಇಲ್ಲಿಗೆ ತಂದು, ರಿಪೇರಿ ಮಾಡಿ, ಬಾಡಿಗೆಗೆ ಬಿಟ್ಟು ಲಾಭ ಮಾಡುತ್ತಿದೆ ಎಂದು ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೇ ಆಕ್ಷೇಪಿಸಿತ್ತು. ಅಷ್ಟರಲ್ಲಿ 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ ಬಂದಿತ್ತು. ಭಾರತದಲ್ಲಿ ವ್ಯವಹಾರ ಮಾಡುವ ವಿದೇಶಿ ಕಂಪನಿ ತನ್ನ ಪಾಲನ್ನು ಶೇ 40ಕ್ಕೆ ಇಳಿಸಬೇಕೆಂಬುದು ಅದರ ಆಗ್ರಹ. ಐಬಿಎಂ ಒಪ್ಪಲಿಲ್ಲ. ಜನತಾ ಸರ್ಕಾರದಲ್ಲಿ ಕೈಗಾರಿಕಾ ಮಂತ್ರಿಯಾಗಿದ್ದ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಕೂಡ ಬಗ್ಗಲಿಲ್ಲ. 1978ರಲ್ಲಿ ಐಬಿಎಂ ಗಂಟುಮೂಟೆ ಕಟ್ಟಿತು. ಅದು ಬಿಟ್ಟುಹೋದ ಯಂತ್ರಗಳ ಉಸ್ತುವಾರಿ ಸರ್ಕಾರಿ ಸ್ವಾಮ್ಯದ ಸಿಎಂಸಿ ಕಂಪನಿಗೆ ಬಂತು.

ಇದೆಲ್ಲ ನಡೆದು ಐದು ದಶಕಗಳಾಗುತ್ತ ಬಂದಿವೆ. ಈಗ ಅದೇ ದೇಶದ ಬ್ಯಾಂಕು, ಆಸ್ಪತ್ರೆ, ಕಾರ್ಖಾನೆ, ಮಾಹಿತಿ ತಂತ್ರಜ್ಞಾನ ಕಂಪನಿಗಳು ತಾವಾಗಿಯೇ ಹೋಗಿ ಬಾಡಿಗೆಯ ಕರಾರಿಗೆ ಸಹಿ ಹಾಕುತ್ತಿವೆ. ಈ ಸಲದ ಬಾಡಿಗೆಯ ಯಂತ್ರ ಕಣ್ಣಿಗೂ ಕಾಣುವುದಿಲ್ಲ. ಅದಕ್ಕೆ ಕ್ಲೌಡ್ ಕಂಪ್ಯೂಟಿಂಗ್ ಎಂದು ಹೆಸರು.

ಹೆಸರು ಕೇಳಿ ಆಕಾಶದತ್ತ ನೋಡಬೇಕಾಗಿಲ್ಲ. ದೂರಸಂಪರ್ಕ ಜಾಲಗಳ ನಕಾಶೆ ಬರೆಯುವ ಎಂಜಿನಿಯರುಗಳಿಗೆ ಒಂದು ರೂಢಿಯಿತ್ತು. ಈ ತುದಿಯ ಯಂತ್ರವನ್ನೂ ಆ ತುದಿಯ ಯಂತ್ರವನ್ನೂ ಬಿಡಿಸಿ, ನಡುವಿನ ತಂತಿ, ಸ್ವಿಚ್ಚುಗಳ ಜಂಜಾಟವನ್ನು ಒಂದು ಮೋಡದ ಚಿತ್ರದಿಂದ ಮುಚ್ಚಿಬಿಡುವುದು. ಒಳಗೆ ಏನಿದೆಯೆಂದು ನೋಡುವವನಿಗೆ ತಿಳಿಯಬೇಕಿಲ್ಲ ಎಂಬುದು ಅದರ ಅರ್ಥ. ಈಗಿನ ಮೋಡದೊಳಗೆ ಇರುವುದು ಸಾವಿರಾರು ಗಣಕಗಳನ್ನು ಸಾಲಾಗಿ ಜೋಡಿಸಿದ ದೊಡ್ಡ ಕಟ್ಟಡಗಳು. ಅವುಗಳ ಶಕ್ತಿಯನ್ನು ಗಂಟೆಯ ಲೆಕ್ಕದಲ್ಲಿ, ಜಾಗವನ್ನು ತಿಂಗಳ ಲೆಕ್ಕದಲ್ಲಿ ಅಂತರ್ಜಾಲದ ಮೂಲಕ ಯಾರು ಬೇಕಾದರೂ ಪಡೆಯಬಹುದು. ಮದುವೆಗೆ ಸಾವಿರ ಜನ ಊಟಕ್ಕೆ ಬರುತ್ತಾರೆಂದು ಯಾರೂ ಅಷ್ಟು ದೊಡ್ಡ ಕೊಳಗ, ಕಡಾಯಿಗಳನ್ನು ಕೊಳ್ಳುವುದಿಲ್ಲ. ಪಾತ್ರೆ ಅಂಗಡಿಯಿಂದ ಎರಡು ದಿನಕ್ಕೆ ಬಾಡಿಗೆಗೆ ತಂದು, ತೊಳೆದು ಹಿಂದಿರುಗಿಸುತ್ತಾರೆ. ವ್ಯವಹಾರದ ತಿರುಳು ಇಷ್ಟೇ.

ಅಮ್ಮಂದಿರು ಕಟ್ಟಿದ ಬಾಡಿಗೆ

ಈ ಆಲೋಚನೆ ಹೊಸದೆಂದು ತಿಳಿಯುವವರೇ ಹೆಚ್ಚು. ಅದರ ವಯಸ್ಸು ಅರವತ್ತು ದಾಟಿದೆ. 1961ರಲ್ಲಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ಶತಮಾನೋತ್ಸವ ನಡೆದಾಗ ಗಣಕ ವಿಜ್ಞಾನಿ ಜಾನ್ ಮೆಕಾರ್ಥಿ ಒಂದು ಭವಿಷ್ಯ ನುಡಿದರು. ಟೆಲಿಫೋನಿನಂತೆ ಗಣನೆಯೂ ಒಂದು ದಿನ ಸಾರ್ವಜನಿಕ ಸೇವೆಯಾಗಬಹುದು, ಬಳಸಿದವರು ಬಳಸಿದಷ್ಟಕ್ಕೆ ಹಣ ಕೊಡಬಹುದು ಎಂಬುದು ಅವರ ಮಾತಿನ ಸಾರ.

ಆ ಕಾಲದಲ್ಲಿ ಗಣಕಕ್ಕೆ ಕೆಲಸ ಕೊಡುವುದೆಂದರೆ ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಕಿಟಕಿಯಲ್ಲಿ ಒಪ್ಪಿಸಿ ಬರುವುದು. ಉತ್ತರಕ್ಕೆ ಗಂಟೆಗಟ್ಟಲೆ, ಕೆಲವೊಮ್ಮೆ ಮರುದಿನದವರೆಗೆ ಕಾಯಬೇಕು. ಒಂದು ಅಲ್ಪವಿರಾಮ ತಪ್ಪಿದ್ದರೆ ಮತ್ತೆ ಮೊದಲಿನಿಂದ. 1961ರ ನವೆಂಬರಿನಲ್ಲಿ ಎಂಐಟಿಯ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಈ ಕಷ್ಟಕ್ಕೊಂದು ಪರಿಹಾರ ತೋರಿಸಿದರು. ಒಂದೇ ಯಂತ್ರಕ್ಕೆ ಹಲವು ಟೈಪ್‌ರೈಟರುಗಳನ್ನು ಜೋಡಿಸಿ, ಒಬ್ಬೊಬ್ಬರ ಕೆಲಸವನ್ನೂ ಕ್ಷಣ ಕ್ಷಣ ಸರದಿಯಂತೆ ಮಾಡಿಸುವುದು ಅವರ ಉಪಾಯ. ಯಂತ್ರ ಎಷ್ಟು ವೇಗವಾಗಿ ಸುತ್ತು ಹಾಕುತ್ತಿತ್ತೆಂದರೆ, ಪ್ರತಿಯೊಬ್ಬರಿಗೂ ಅದು ತನಗೊಬ್ಬನಿಗೇ ದುಡಿಯುತ್ತಿದೆ ಎನಿಸುತ್ತಿತ್ತು. 'ಟೈಮ್ ಶೇರಿಂಗ್' ಎಂದರೆ ಇದೇ. ಅದೇ ದಶಕದಲ್ಲಿ ಐಬಿಎಂನ ಎಂಜಿನಿಯರುಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಒಂದು ಯಂತ್ರದೊಳಗೆ ಹಲವು ಕಾಲ್ಪನಿಕ ಯಂತ್ರಗಳನ್ನು ಹುಟ್ಟಿಸುವ ತಂತ್ರವನ್ನು ಕಂಡುಹಿಡಿದರು. ಒಂದು ಮನೆಯೊಳಗೆ ಗೋಡೆ ಎಬ್ಬಿಸಿ ಹತ್ತು ಬಿಡಾರ ಮಾಡಿದಂತೆ. 1972ರಲ್ಲಿ ಅದು ಮಾರುಕಟ್ಟೆಗೂ ಬಂತು. ಇಂದಿನ ಮೋಡ ನಿಂತಿರುವುದು ಇದೇ ತಂತ್ರದ ಮೇಲೆ.

ಅರವತ್ತರ ದಶಕದ ನಡುವಿನಿಂದ ಜನರಲ್ ಎಲೆಕ್ಟ್ರಿಕ್, ಟೈಮ್‌ಶೇರ್ ಮುಂತಾದ ಕಂಪನಿಗಳು ಟೆಲಿಫೋನ್ ತಂತಿಯ ಮೂಲಕ ಗಣಕದ ಸಮಯವನ್ನು ಮಾರತೊಡಗಿದವು. ಸಿಯಾಟಲ್ ನಗರದ ಲೇಕ್‌ಸೈಡ್ ಶಾಲೆಗೆ 1968ರಲ್ಲಿ ಇಂಥದೊಂದು ಸಂಪರ್ಕ ಬಂತು. ಬಾಡಿಗೆಯ ಹಣ ಹೊಂದಿಸಿದ್ದು ಮಕ್ಕಳ ಅಮ್ಮಂದಿರ ಸಂಘ, ಹಳೆಯ ಸಾಮಾನುಗಳನ್ನು ಮಾರಿ. ಹುಡುಗರು ಅದನ್ನು ಬಹಳ ಬೇಗ ಖರ್ಚು ಮಾಡಿ ಮುಗಿಸಿದರು. ಅವರಲ್ಲಿ ಒಬ್ಬನ ಹೆಸರು ಬಿಲ್ ಗೇಟ್ಸ್. ಮುಂದೆ ಮನೆಮನೆಯ ಮೇಜಿನ ಮೇಲೂ ಸ್ವಂತ ಗಣಕ ಇರಬೇಕೆಂದು ಹೊರಟವರು ಅವರೇ. ಅವರು ಕಟ್ಟಿದ ಮೈಕ್ರೋಸಾಫ್ಟ್ ಇಂದು ಕ್ಲೌಡನ್ನು ಬಾಡಿಗೆಗೆ ಕೊಡುವ ಜಗತ್ತಿನ ಎರಡನೆಯ ಅತಿದೊಡ್ಡ ಕಂಪನಿ ಎಂಬುದು ತಮಾಷೆಯ ಸಂಗತಿ.

ಟೈಮ್ ಶೇರಿಂಗ್ ವ್ಯಾಪಾರ ಹೆಚ್ಚು ಕಾಲ ಮೆರೆಯಲಿಲ್ಲ. ಯಂತ್ರಗಳು ಅಗ್ಗವಾದವು, ಚಿಕ್ಕವಾದವು. ಎಂಬತ್ತರ ದಶಕದಲ್ಲಿ ಪರ್ಸನಲ್ ಕಂಪ್ಯೂಟರ್ ಬಂದ ಮೇಲಂತೂ ಬಾಡಿಗೆ ಕಟ್ಟಿ ಸರದಿಗೆ ಕಾಯುವವರು ಯಾರು?

ಯಂತ್ರ ಇದ್ದಲ್ಲಿಗೆ ಎಂಜಿನಿಯರು

ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಉದ್ಯಮ ಹುಟ್ಟಿದ್ದು ಈ ಕಾಲದಲ್ಲಿ. ಯಂತ್ರ ಯಾರದು, ಎಲ್ಲಿದೆ ಎಂಬ ಪ್ರಶ್ನೆಯೇ ಅದರ ರೂಪವನ್ನು ನಿರ್ಧರಿಸಿತು ಎಂದರೆ ಅತಿಶಯೋಕ್ತಿಯಲ್ಲ. 1981ರಲ್ಲಿ ಪುಣೆಯಲ್ಲಿ ಇನ್ಫೋಸಿಸ್ ಆರಂಭವಾದಾಗ ಆ ಕಂಪನಿಯ ಬಳಿ ಗಣಕವೇ ಇರಲಿಲ್ಲ. ಆಮದಿಗೆ ಲೈಸೆನ್ಸು, ವಿದೇಶಿ ವಿನಿಮಯಕ್ಕೆ ಅನುಮತಿ, ಅದಕ್ಕಾಗಿ ದೆಹಲಿಗೆ ಅಲೆದಾಟ. ಹೀಗಾಗಿ ಎಂಜಿನಿಯರುಗಳೇ ಯಂತ್ರವಿದ್ದಲ್ಲಿಗೆ, ಅಂದರೆ ಅಮೆರಿಕದ ಗ್ರಾಹಕರ ಕಚೇರಿಗಳಿಗೆ ಹೋದರು. 1983ರಲ್ಲಿ ಮೈಕೋ ಕಂಪನಿಯ ಕೆಲಸಕ್ಕಾಗಿ ಇನ್ಫೋಸಿಸ್ ಬೆಂಗಳೂರಿಗೆ ಬಂತು. ಸ್ವಂತದ್ದೆನ್ನುವ ಮೊದಲ ಗಣಕವೂ ಆ ವರ್ಷವೇ ಬಂತು. 1984ರ ಕೊನೆಯಲ್ಲಿ ರಾಜೀವ್ ಗಾಂಧಿ ಸರ್ಕಾರ ಆಮದು ನಿಯಮಗಳನ್ನು ಸಡಿಲಿಸಿತು. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಉಪಗ್ರಹ ಸಂಪರ್ಕದ ಮೂಲಕ ಇಲ್ಲಿನ ಕೆಲಸವನ್ನು ಅಮೆರಿಕಕ್ಕೆ ಕಳಿಸುವ ದಾರಿ ತೋರಿಸಿತು. 1991ರಲ್ಲಿ ಸಾಫ್ಟ್‌ವೇರ್ ತಂತ್ರಜ್ಞಾನ ಪಾರ್ಕುಗಳು ಅದೇ ಸೌಲಭ್ಯವನ್ನು ಸಣ್ಣ ಕಂಪನಿಗಳಿಗೂ ಒದಗಿಸಿದವು.

ಹಾಗೆ ಬೆಳೆದ ಕೆಲಸಗಳಲ್ಲಿ ಒಂದು, ದೂರದ ಯಂತ್ರಗಳ ಕಾವಲು. ಅಮೆರಿಕ, ಯೂರೋಪುಗಳ ಬ್ಯಾಂಕುಗಳಿಗೆ, ಕಾರ್ಖಾನೆಗಳಿಗೆ ತಮ್ಮ ತಮ್ಮ ಸರ್ವರ್‌ಗಳಿದ್ದವು. ಅವು ಕೆಟ್ಟಾವೆಯೇ, ತುಂಬಿವೆಯೇ ಎಂದು ರಾತ್ರಿ ಪಾಳಿಯಲ್ಲಿ ಕೂತು ನೋಡುವವರು ಬೆಂಗಳೂರಿನವರು. ಸಾವಿರಾರು ಯುವಕ ಯುವತಿಯರ ಮೊದಲ ಸಂಬಳ ಬಂದದ್ದು ಈ ಕೆಲಸದಿಂದ.

ಗಂಟೆಗೆ ಹತ್ತು ಸೆಂಟ್

ಸ್ವಂತ ಯಂತ್ರದ ಯುಗಕ್ಕೆ ಮೊದಲ ಪೆಟ್ಟು ಕೊಟ್ಟದ್ದು 1999ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಶುರುವಾದ ಸೇಲ್ಸ್‌ಫೋರ್ಸ್. ಮಾರಾಟಗಾರರ ಲೆಕ್ಕಪತ್ರದ ತಂತ್ರಾಂಶವನ್ನು ಅದು ಡಬ್ಬಿಯಲ್ಲಿ ಮಾರದೆ, ಅಂತರ್ಜಾಲದಲ್ಲಿ ತಿಂಗಳ ಚಂದಾಕ್ಕೆ ಕೊಟ್ಟಿತು. ಆದರೆ ನಿಜವಾದ ತಿರುವು ಬಂದದ್ದು ಪುಸ್ತಕ ಮಾರುತ್ತಿದ್ದ ಕಂಪನಿಯಿಂದ.

ಅಮೆಜಾನ್ ತನ್ನ ಅಂಗಡಿಗಾಗಿ ಗಣಕಗಳ ದೊಡ್ಡ ವ್ಯವಸ್ಥೆ ನಡೆಸುವುದನ್ನು ಕಲಿತಿತ್ತು. ಆ ಕೌಶಲವನ್ನೇ ಏಕೆ ಮಾರಬಾರದು ಎಂಬ ಆಲೋಚನೆ 2003ರ ಹೊತ್ತಿಗೆ ಒಳಗೊಳಗೇ ನಡೆದಿತ್ತು. 2006ರ ಮಾರ್ಚಿನಲ್ಲಿ ದತ್ತಾಂಶ ಇಡುವ ಜಾಗವನ್ನೂ, ಅದೇ ಆಗಸ್ಟಿನಲ್ಲಿ ಗಣಕದ ಶಕ್ತಿಯನ್ನೂ ಅದು ಬಾಡಿಗೆಗೆ ಬಿಟ್ಟಿತು. ಎರಡನೆಯದನ್ನು ಕಟ್ಟಿದ ತಂಡ ಇದ್ದದ್ದು ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ. ಬಾಡಿಗೆ ಗಂಟೆಗೆ ಹತ್ತು ಸೆಂಟ್, ಆಗಿನ ಲೆಕ್ಕದಲ್ಲಿ ಸುಮಾರು ನಾಲ್ಕೂವರೆ ರೂಪಾಯಿ. ಕರಾರಿಲ್ಲ, ಮುಂಗಡವಿಲ್ಲ, ಒಂದು ಕ್ರೆಡಿಟ್ ಕಾರ್ಡ್ ಸಾಕು.

ಇದರ ಬೆರಗು ಗೊತ್ತಾಗಲು ಪತ್ರಿಕೋದ್ಯಮದ್ದೇ ಒಂದು ಉದಾಹರಣೆಯಿದೆ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 1851ರಿಂದ 1922ರವರೆಗಿನ ಲೇಖನಗಳನ್ನು ಓದುಗರಿಗೆ ಅಂತರ್ಜಾಲದಲ್ಲಿ ಕೊಡಬೇಕೆಂದುಕೊಂಡಿತು. ಒಟ್ಟು 1.1 ಕೋಟಿ ಲೇಖನಗಳು, ಎಲ್ಲವೂ ಹಳೆಯ ಪುಟಗಳ ಬಿಡಿ ಚಿತ್ರಗಳು. ಅವನ್ನು ಜೋಡಿಸಿ ಓದುವ ರೂಪಕ್ಕೆ ತರಬೇಕು. 2007ರಲ್ಲಿ ಪತ್ರಿಕೆಯ ತಂತ್ರಜ್ಞರೊಬ್ಬರು ಅಮೆಜಾನಿನ ನೂರು ಗಣಕಗಳನ್ನು ಬಾಡಿಗೆಗೆ ಹಿಡಿದರು. ಒಂದು ದಿನದೊಳಗೆ ಕೆಲಸ ಮುಗಿಯಿತು. ನೂರು ಯಂತ್ರ, 24 ಗಂಟೆ, ಹತ್ತು ಸೆಂಟ್ ಎಂದು ಗುಣಿಸಿದರೆ 240 ಡಾಲರ್. ಹತ್ತು ಸಾವಿರ ರೂಪಾಯಿಯ ಆಸುಪಾಸು. ನೂರು ಯಂತ್ರ ಕೊಳ್ಳಲು ಹೊರಟಿದ್ದರೆ ಟೆಂಡರು ಕರೆದು ಬಿಲ್ಲು ಪಾಸಾಗುವುದರೊಳಗೆ ಎಷ್ಟು ತಿಂಗಳು ಹಿಡಿಯುತ್ತಿತ್ತೋ!

ದೊಡ್ಡ ಕಂಪನಿಗಳೂ ಬಂದವು. 2008ರ ಆಗಸ್ಟಿನಲ್ಲಿ ನೆಟ್‌ಫ್ಲಿಕ್ಸ್‌ನ ದತ್ತಾಂಶ ಕೆಟ್ಟು, ಮೂರು ದಿನ ಗ್ರಾಹಕರಿಗೆ ಸಿನಿಮಾ ಡಿವಿಡಿಗಳನ್ನು ಕಳಿಸಲಾಗಲಿಲ್ಲ. ಬೇಸತ್ತ ಕಂಪನಿ ಸ್ವಂತ ಯಂತ್ರಕೋಣೆಯನ್ನೇ ಬಿಟ್ಟು ಮೋಡಕ್ಕೆ ಹೊರಟಿತು. ಮನೆ ಖಾಲಿ ಮಾಡಿ ಮುಗಿಸಲು 2016ರ ಜನವರಿಯವರೆಗೆ, ಏಳು ವರ್ಷ ಬೇಕಾಯಿತು.

ಹಳೆಯ ಯಜಮಾನ ಐಬಿಎಂ ಏನಾಯಿತು? 2013ರಲ್ಲಿ ಅಮೆರಿಕದ ಗೂಢಚರ ಸಂಸ್ಥೆ ಸಿಐಎ ತನ್ನ ಖಾಸಗಿ ಕ್ಲೌಡ್ ಕಟ್ಟುವ 60 ಕೋಟಿ ಡಾಲರಿನ ಗುತ್ತಿಗೆಯನ್ನು ಅಮೆಜಾನಿಗೆ ಕೊಟ್ಟಿತು. ಸರ್ಕಾರಿ ಗಣಕವೆಂದರೆ ತಾನೇ ಎಂದುಕೊಂಡಿದ್ದ ಐಬಿಎಂ ತಕರಾರು ಎತ್ತಿತು. ನ್ಯಾಯಾಲಯ ಅಮೆಜಾನ್ ಪರ ತೀರ್ಪು ಕೊಟ್ಟಿತು. ಎಂಟು ವರ್ಷಗಳ ನಂತರ, 2021ರ ನವೆಂಬರಿನಲ್ಲಿ, ಗ್ರಾಹಕರ ಯಂತ್ರಗಳನ್ನು ನೋಡಿಕೊಳ್ಳುವ ತನ್ನ ವಿಭಾಗವನ್ನೇ ಐಬಿಎಂ ಬೇರೆ ಹಾಕಿತು. ಕಿಂಡ್ರಿಲ್ ಎಂಬ ಆ ಹೊಸ ಕಂಪನಿಯ ಪಾಲಿಗೆ ಹೋದ ಸಿಬ್ಬಂದಿ ಸುಮಾರು 90 ಸಾವಿರ.

ಬೆಂಗಳೂರಿನಲ್ಲೂ ಕೆಲಸದ ಸ್ವರೂಪ ಬದಲಾಯಿತು. ಕಾಯಬೇಕಾದ ಸರ್ವರ್‌ಗಳೇ ಗ್ರಾಹಕರ ಬಳಿ ಇಲ್ಲದಾಗ ರಾತ್ರಿ ಪಾಳಿಯ ಕಾವಲು ಯಾರಿಗೆ ಬೇಕು? ಹೊಸ ಗಣಕ ಬೇಕಾದರೆ ಪೆಟ್ಟಿಗೆ ಬಿಚ್ಚಿ ತಂತಿ ಜೋಡಿಸುವ ಬದಲು ನಾಲ್ಕು ಸಾಲು ಕ್ರಮವಿಧಿ ಬರೆದರೆ ಸಾಕು. ಆ ಸಾಲುಗಳನ್ನು ಬರೆಯಬಲ್ಲವರಿಗೆ ಬೇಡಿಕೆ ಏರಿತು. ಬರೆಯಲು ಬಾರದ ನಡುವಯಸ್ಸಿನ ವ್ಯವಸ್ಥಾಪಕರು ಅಮೆಜಾನ್, ಮೈಕ್ರೋಸಾಫ್ಟ್‌ಗಳ ಪ್ರಮಾಣಪತ್ರ ಪರೀಕ್ಷೆಗಳಿಗೆ ಮತ್ತೆ ವಿದ್ಯಾರ್ಥಿಗಳಂತೆ ಕೂತರು. ಗ್ರಾಹಕರ ಹಳೆಯ ತಂತ್ರಾಂಶವನ್ನು ಮೋಡಕ್ಕೆ ಸಾಗಿಸಿಕೊಡುವುದು ಇಲ್ಲಿನ ದೊಡ್ಡ ಕಂಪನಿಗಳ ಹೊಸ ಉದ್ಯೋಗವಾಯಿತು. ಇನ್ನೊಂದು ಬದಿಯಲ್ಲಿ, ನಾಲ್ಕು ಜನ ಗೆಳೆಯರು ಸೇರಿ ಕಂಪನಿ ತೆರೆಯುವುದೂ ಸುಲಭವಾಯಿತು. ಯಂತ್ರಕ್ಕೆ ಬಂಡವಾಳ ಹುಡುಕುವ ಕಷ್ಟ ತಪ್ಪಿದ್ದು ಅದಕ್ಕೆ ಮುಖ್ಯ ಕಾರಣ. ವಿಚಿತ್ರವೆಂದರೆ ಬೆಂಗಳೂರಿನ ಮೋಡ ಬೆಂಗಳೂರಿನಲ್ಲಿಲ್ಲ. ಸಮುದ್ರದಡಿಯ ಕೇಬಲ್ಲುಗಳು ದಡ ಸೇರುವುದು ಮುಂಬೈ, ಚೆನ್ನೈಗಳಲ್ಲಿ. ಮೈಕ್ರೋಸಾಫ್ಟ್ 2015ರಲ್ಲಿ ಆ ಎರಡು ನಗರಗಳ ಜೊತೆಗೆ ಪುಣೆಯಲ್ಲೂ, ಅಮೆಜಾನ್ 2016ರಲ್ಲಿ ಮುಂಬೈ ಭಾಗದಲ್ಲೂ 2022ರಲ್ಲಿ ಹೈದರಾಬಾದಿನಲ್ಲೂ ನೆಲೆ ಮಾಡಿದವು.

ಕೀಲಿಕೈ ಯಾರ ಬಳಿ

ಬಾಡಿಗೆಯ ಮನೆಗೆ ಅದರದೇ ತಾಪತ್ರಯಗಳಿವೆ. 2017ರ ಫೆಬ್ರವರಿ 28ರಂದು ಅಮೆಜಾನಿನ ವರ್ಜೀನಿಯಾ ಕೇಂದ್ರದಲ್ಲಿ ನೌಕರರೊಬ್ಬರು ಕೆಲವು ಸರ್ವರ್‌ಗಳನ್ನು ತೆಗೆಯಲು ಹೋಗಿ, ಆದೇಶ ಟೈಪ್ ಮಾಡುವಾಗ ತಪ್ಪಿ, ಬೇಕಾದದ್ದಕ್ಕಿಂತ ಬಹಳ ಹೆಚ್ಚು ತೆಗೆದರು. ಸುಮಾರು ನಾಲ್ಕು ಗಂಟೆ ಅಸಂಖ್ಯ ಜಾಲತಾಣಗಳು ಏಳಲಿಲ್ಲ. ಸೇವೆ ಕೆಟ್ಟಿದೆ ಎಂದು ತೋರಿಸಬೇಕಾದ ಅಮೆಜಾನಿನ ಫಲಕವೂ ಅದೇ ಸೇವೆಯನ್ನು ನೆಚ್ಚಿಕೊಂಡಿದ್ದರಿಂದ, ಅದು ಎಲ್ಲ ಸರಿಯಾಗಿದೆ ಎಂದೇ ತೋರಿಸುತ್ತಿತ್ತು.

ಬಾಡಿಗೆ ಸದಾ ಅಗ್ಗ ಎಂಬುದೂ ನಿಜವಲ್ಲ. ದಿನವೂ ಸಾವಿರ ಜನಕ್ಕೆ ಅಡುಗೆ ಮಾಡುವ ಛತ್ರದವರು ಪಾತ್ರೆ ಕೊಂಡುಬಿಡುತ್ತಾರೆ. ಡ್ರಾಪ್‌ಬಾಕ್ಸ್ ಕಂಪನಿ ಮಾಡಿದ್ದೂ ಅದನ್ನೇ. ತನ್ನ ಬಳಕೆದಾರರ ಕಡತಗಳನ್ನು ಅಮೆಜಾನಿನಿಂದ ತೆಗೆದು ಸ್ವಂತ ಯಂತ್ರಗಳಿಗೆ ಸಾಗಿಸಿದ ಮೇಲೆ ಎರಡು ವರ್ಷಗಳಲ್ಲಿ ಸುಮಾರು 7.5 ಕೋಟಿ ಡಾಲರ್ ಉಳಿಯಿತೆಂದು ಅದು 2018ರಲ್ಲಿ ಷೇರು ಮಾರುಕಟ್ಟೆಗೆ ಬರುವಾಗ ಲೆಕ್ಕ ಕೊಟ್ಟಿತು. ಮನೆ ಬಿಡುವುದೂ ಸುಲಭವಾಗಿರಲಿಲ್ಲ. ದತ್ತಾಂಶವನ್ನು ಒಳಗೆ ತರಲು ಶುಲ್ಕವಿಲ್ಲ, ಹೊರಗೆ ಒಯ್ಯಲು ಶುಲ್ಕ ಎಂಬುದು ಈ ವ್ಯಾಪಾರದ ಹಳೆಯ ಪದ್ಧತಿ. ಯೂರೋಪಿನ ಹೊಸ ಕಾನೂನಿನ ಒತ್ತಡದ ನಡುವೆ, ಪೂರ್ತಿಯಾಗಿ ಬಿಟ್ಟುಹೋಗುವ ಗ್ರಾಹಕರಿಗೆ ಆ ಶುಲ್ಕವನ್ನು ಗೂಗಲ್, ಅಮೆಜಾನ್‌ಗಳು 2024ರಲ್ಲಿ ಕೈಬಿಟ್ಟವು.

ಭಾರತ ಸರ್ಕಾರ ಈ ಅವಲಂಬನೆಯ ಬಗ್ಗೆ ಕಣ್ಣು ಮುಚ್ಚಿ ಕೂತಿಲ್ಲ. ಇಲಾಖೆಗಳ ಬಳಕೆಗಾಗಿ 2014ರಲ್ಲೇ 'ಮೇಘರಾಜ್' ಎಂಬ ಸರ್ಕಾರಿ ಕ್ಲೌಡ್ ಆರಂಭವಾಯಿತು. ಪಾವತಿ ವ್ಯವಹಾರಗಳ ದತ್ತಾಂಶ ಭಾರತದೊಳಗೇ ಇರಬೇಕೆಂದು 2018ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕ್ ಆದೇಶಿಸಿತು. ಆದರೆ ಯಂತ್ರ ಈ ನೆಲದಲ್ಲಿದ್ದರೂ ಅದರ ಒಡೆಯ ಬೇರೆ ದೇಶದ ಕಾನೂನಿಗೆ, ಬೇರೆ ದೇಶದ ಒತ್ತಡಕ್ಕೆ ಒಳಪಟ್ಟವನಾದರೆ?

2025ರ ಜುಲೈನಲ್ಲಿ ಈ ಪ್ರಶ್ನೆ ಗುಜರಾತಿನ ವಾಡಿನಾರ್‌ನಲ್ಲಿ ತೈಲ ಶುದ್ಧೀಕರಣಾಗಾರ ನಡೆಸುವ ನಯಾರಾ ಎನರ್ಜಿ ಕಂಪನಿಯ ಬಾಗಿಲಿಗೇ ಬಂತು. ಅದರಲ್ಲಿ ರಷ್ಯದ ರಾಸ್ನೆಫ್ಟ್ ಕಂಪನಿಯ ಪಾಲು ಶೇ 49ರಷ್ಟಿದೆ. ಐರೋಪ್ಯ ಒಕ್ಕೂಟ ಜುಲೈ 18ರಂದು ನಯಾರಾ ಮೇಲೆ ನಿರ್ಬಂಧ ಹೇರಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ತನ್ನ ಸೇವೆಗಳನ್ನು ನಿಲ್ಲಿಸಿತು. ಹಣ ಕೊಟ್ಟು ಪಡೆದಿದ್ದ ಇ-ಮೇಲ್, ತಮ್ಮದೇ ಕಡತಗಳು ನೌಕರರಿಗೆ ಸಿಗದಾದವು. ನಿರ್ಬಂಧ ಹೇರಿದ್ದು ಯೂರೋಪು, ಸೇವೆ ಕೊಡುವವರು ಅಮೆರಿಕದವರು, ತೊಂದರೆಗೆ ಸಿಕ್ಕಿದ್ದು ಭಾರತದ ಕಾನೂನಿನಡಿ ನಡೆಯುವ ಕಂಪನಿ. ನಯಾರಾ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು. ವಾದ ಬೆಳೆಯುವ ಮೊದಲೇ, ತಿಂಗಳು ಮುಗಿಯುವಷ್ಟರಲ್ಲಿ, ಮೈಕ್ರೋಸಾಫ್ಟ್ ಸೇವೆಯನ್ನು ಮತ್ತೆ ಕೊಟ್ಟಿತು. ಹೀಗಾಗಿ, ಬಾಡಿಗೆ ಬಾಕಿ ಇಲ್ಲದ ಗ್ರಾಹಕನನ್ನು ಬೇರೆ ದೇಶದ ನಿರ್ಬಂಧದ ಕಾರಣಕ್ಕೆ ಹೊರಗಿಡಬಹುದೇ ಎಂಬ ಬಗ್ಗೆ ಆ ಮೊಕದ್ದಮೆಯಿಂದ ತೀರ್ಪು ಬರಲಿಲ್ಲ.