ಬಯಲಿನ ಕಂಬಳಿ, ಮಲೆನಾಡಿನ ಮಳೆ

ಮಗ್ಗೆಯ ಕಡೆ ಮುಂಗಾರು ಹಿಡಿಯಿತೆಂದರೆ ನಾಟಿಗದ್ದೆಗಳಲ್ಲಿ ಕಂಬಳಿಕೊಪ್ಪೆಗಳು ಕಾಣುತ್ತಿದ್ದ ಕಾಲವೊಂದಿತ್ತು. ಆದರೆ ಉಣ್ಣೆಯ ಕುರಿ ಬಾಳುವುದು ಚಳ್ಳಕೆರೆಯಂತಹ ಒಣ ಬಯಲಿನಲ್ಲಿ. ಮಳೆಗಾಗಿ ಹಂಬಲಿಸುವ ಸೀಮೆ ಮಳೆಯ ನಾಡಿಗೆ ಹೊದಿಕೆ ನೇಯ್ದುಕೊಟ್ಟಿತು. ಈ ನಂಟನ್ನು ನಾನು ನಮ್ಮ ಚರಿತ್ರೆಯ ಒಂದು ಅಧ್ಯಾಯವೆಂದೇ ಎಣಿಸುತ್ತೇನೆ.

ಕುರುಬರ ಮನೆಗಳಲ್ಲಿ ಹೆಂಗಸರು ಉಣ್ಣೆ ನೂತರೆ ಗಂಡಸರು ಗುಣಿಮಗ್ಗದಲ್ಲಿ ನೇಯುವರು. ಹಾಸುನೂಲಿಗೆ ಹುಣಸೆಬೀಜದ ಸರಿ ಬಳಿಯುವರು. ಬಣ್ಣ ಬೇಕಿಲ್ಲ, ಕುರಿಯ ಕಪ್ಪೇ ಕಂಬಳಿಯ ಕಪ್ಪು.

ಇರಾನಿನ ಅಲೆಮಾರಿ ಕಶ್ಕಾಯಿ ಹೆಂಗಸರು ನೆಲಮಗ್ಗದಲ್ಲಿ ನೇಯುವ ಕಿಲಿಮ್ ಬಣ್ಣಗಳ ಹಬ್ಬ. ಅವರ ಫಾರ್ಸ್ ಪ್ರಾಂತ್ಯದ ರತ್ನಗಂಬಳಿಯ ನೇಯ್ಗೆಗೆ ೨೦೧೦ರಲ್ಲಿ ಯುನೆಸ್ಕೋ ಮನ್ನಣೆ ದೊರೆಯಿತು.

ನಮ್ಮ ಕಂಬಳಿಯನ್ನಾದರೋ ಪ್ಲಾಸ್ಟಿಕ್ಕು ಗದ್ದೆಯಿಂದ ಹೊರದೂಡಿದೆ. ದೇವರ ಗದ್ದುಗೆಗೆ ಹಾಸಲು ಇಂದಿಗೂ ಅದೇ ಬೇಕು. ಪೂಜೆಗೆ ಮಾತ್ರ ಉಳಿದು ಬಳಕೆಗೆ ಉಳಿಯದಿದ್ದರೆ, ಮಗ್ಗ ಎಷ್ಟು ಕಾಲ ಆಡೀತು?